ಬೆನ್ನು ನೀಲಿ, ಎದೆ ಕಿತ್ತಳೆ: ನೀಲಿ ನೊಣಹಿಡುಕಗಳನ್ನು ಗುರುತಿಸುವ ಬಗೆ

"ಹಿತ್ತಲಲ್ಲಿ ಒಂದು ಪುಟ್ಟ ನೀಲಿ ಹಕ್ಕಿ ಬಂದು ಕೂರುತ್ತದೆ, ಎದೆ ಕಿತ್ತಳೆ ಬಣ್ಣ. ಇದರ ಹೆಸರೇನು?" ಈ ಪ್ರಶ್ನೆ ನನಗೆ ವರ್ಷವಿಡೀ ಬರುತ್ತಲೇ ಇರುತ್ತದೆ. ಜೊತೆಗೊಂದು ಫೋಟೋ ಇರುತ್ತದೆ, ಮಬ್ಬಾಗಿರುತ್ತದೆ, ಹಕ್ಕಿ ಬೆನ್ನು ತಿರುಗಿಸಿ ಕೂತಿರುತ್ತದೆ. ಕೇಳುವವರ ಕುತೂಹಲ ನೋಡಿದರೆ ಖುಷಿಯಾಗುತ್ತದೆ. ಆದರೆ ಬರೀ ನೀಲಿ ಬೆನ್ನು ನೋಡಿ ಹೆಸರು ಹೇಳಲು ಯಾರಿಂದಲೂ ಆಗದು. ಹಾಗಾಗಿ ಒಮ್ಮೆ ಕೂತು ವಿವರವಾಗಿ ಬರೆದುಬಿಡೋಣ ಎನಿಸಿತು. ಇದನ್ನು ಓದಿ ಎರಡು ಮೂರು ಬೆಳಗು ಹೊರಗೆ ಕಳೆದರೆ ನಿಮ್ಮ ಹಕ್ಕಿಯ ಹೆಸರನ್ನು ನೀವೇ ಹೇಳಬಲ್ಲಿರಿ.

ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ನೀಲಿಯನ್ನು ನಂಬಬೇಡಿ. ಕಿತ್ತಳೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿ.

ಯಾವ ಹಕ್ಕಿಗಳ ಬಗ್ಗೆ ಈ ಮಾತು

ಹಾರುವ ಹುಳುಗಳನ್ನು ಹಿಡಿದು ತಿನ್ನುವ ಪುಟ್ಟ ಹಕ್ಕಿಗಳಿಗೆ ಕನ್ನಡದಲ್ಲಿ ನೊಣಹಿಡುಕ ಎನ್ನುತ್ತೇವೆ. ಅವುಗಳಲ್ಲಿ ಒಂದು ಕುಲ ಸಯಾರ್ನಿಸ್. ಕುಲ ಎಂದರೆ ಹತ್ತಿರದ ನೆಂಟಸ್ತಿಕೆಯ ಪ್ರಭೇದಗಳ ಗುಂಪು, ಒಂದೇ ಮನೆತನದ ದಾಯಾದಿಗಳಿದ್ದ ಹಾಗೆ. ಗ್ರೀಕ್ ಮೂಲದ ಈ ಹೆಸರಿನ ಅರ್ಥವೇ ನೀಲಿ ಹಕ್ಕಿ. ಎಡ್ವರ್ಡ್ ಬ್ಲೈತ್ ಎಂಬ ಪಕ್ಷಿಶಾಸ್ತ್ರಜ್ಞ 1843ರಲ್ಲಿ ಇಟ್ಟ ಹೆಸರು ಅದು. ಭಾರತದಿಂದ ಹಿಡಿದು ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ವರೆಗೆ ಏಷ್ಯಾದ ಬಿಸಿ ನಾಡುಗಳ ಕಾಡುಗಳಲ್ಲಿ ಈ ಕುಲದ 30ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ನೀಲಿಯಲ್ಲ. 2010ರಲ್ಲಿ ಬಂದ ಡಿಎನ್‌ಎ ಅಧ್ಯಯನವೊಂದರ ನಂತರ ಬೇರೆ ಕುಲದಲ್ಲಿದ್ದ ಕೆಲವು ಕಂದು ಹಕ್ಕಿಗಳೂ ಇಲ್ಲಿಗೆ ಸೇರಿಕೊಂಡವು. ಹಳೆಯ ಪುಸ್ತಕ, ಹೊಸ ಪುಸ್ತಕಗಳಲ್ಲಿ ಹೆಸರು ಬೇರೆ ಬೇರೆ ಕಂಡರೆ ಗಾಬರಿಯಾಗಬೇಡಿ.

ಕರ್ನಾಟಕದಲ್ಲಿ ನಮಗೆ ಮುಖ್ಯವಾಗಿ ಬೇಕಾದವು ಮೂರು:

ಟಿಕೆಲ್‌ನ ನೀಲಿ ನೊಣಹಿಡುಕ. ಸ್ಯಾಮ್ಯುಯಲ್ ಟಿಕೆಲ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಹೆಸರು ಹೊತ್ತ ಹಕ್ಕಿ. ಒಣಕಾಡು, ಬಿದಿರುಮೆಳೆ, ತೋಟ, ಮರಗಿಡವಿರುವ ಹಿತ್ತಲು, ಎಲ್ಲ ಕಡೆಯೂ ಇದೆ. ನಿಮ್ಮ ಹಿತ್ತಲಿನ ಹಕ್ಕಿ ಬಹುಪಾಲು ಇದೇ.

ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ. ದಟ್ಟ ಹಸಿರುಕಾಡಿನ ಒಳಗೆ, ನೆಲದ ಹತ್ತಿರದ ಕತ್ತಲಲ್ಲಿ ಇದರ ವಾಸ.

ನೀಲಿಗಂಟಲಿನ ನೊಣಹಿಡುಕ. ಹಿಮಾಲಯದಲ್ಲಿ ಮರಿ ಮಾಡಿ ಚಳಿಗಾಲಕ್ಕೆ ನಮ್ಮಲ್ಲಿಗೆ ಬರುವ ಅತಿಥಿ.

ಏನೇನು ಬೇಕು

ಒಂದು ದುರ್ಬೀನು. 8x42 ಅಥವಾ 8x32 ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಗಾಜು ಅಗಲವಾದಷ್ಟೂ ಬೆಳಕು ಹೆಚ್ಚು ಬರುತ್ತದೆ. ನೊಣಹಿಡುಕಗಳು ಇರುವುದೇ ನೆರಳಲ್ಲಾದ್ದರಿಂದ ಇಲ್ಲಿ ಬೆಳಕಿಗೆ ಬೆಲೆ ಜಾಸ್ತಿ. 12 ಪಟ್ಟು, 20 ಪಟ್ಟು ಎಂದು ಆಸೆ ಹುಟ್ಟಿಸುವ ದುರ್ಬೀನುಗಳ ಹಿಂದೆ ಹೋಗಬೇಡಿ. ಕೈ ಸ್ವಲ್ಪ ನಡುಗಿದರೂ ಹಕ್ಕಿ ಕುಣಿಯುತ್ತದೆ, ನೋಟದ ವ್ಯಾಪ್ತಿಯೂ ಕಿರಿದಾಗಿ ಪೊದೆಯೊಳಗಿನ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಹೋಗಿರುತ್ತದೆ.

ಒಂದು ಸಣ್ಣ ಪುಸ್ತಕ, ಒಂದು ಪೆನ್ಸಿಲ್. ಮಳೆಗೆ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ ಕೊಡುವುದಿಲ್ಲ. ಮಾಸಲು ಬಣ್ಣದ ಬಟ್ಟೆ. ಕ್ಯಾಮೆರಾ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಏನೂ ನಷ್ಟವಿಲ್ಲ.

ಮಲೆನಾಡಿನ ಕಾಡಿಗೆ ಹೋಗುವವರಿಗೆ ಇನ್ನೊಂದು ಮಾತಿದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಮಳೆಗಾಲದಲ್ಲಿ ಇಂಬಳ ಕಚ್ಚಿದರೆ ಸ್ವಲ್ಪ ರಕ್ತ ಹೋಗುತ್ತದೆ, ಅಷ್ಟೇ. ಆದರೆ ಮಳೆ ನಿಂತು ಎಲೆ ಉದುರುವ ಕಾಲದಿಂದ ಬೇಸಿಗೆಯವರೆಗೆ, ಹೆಚ್ಚೂಕಡಿಮೆ ಡಿಸೆಂಬರಿನಿಂದ ಮೇವರೆಗೆ, ಉಣುಗುಗಳ ಕಾಟ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಈಗಲೂ ಅದು ಜೀವ ತೆಗೆಯುತ್ತಿದೆ. ಕಾಯಿಲೆ ಕಾಣಿಸಿಕೊಂಡ ಊರುಗಳ ಕಾಡಿಗೆ ಆ ಕಾಲದಲ್ಲಿ ಹೋಗಲೇಬೇಡಿ. ಉಳಿದ ಕಡೆ ಹೋಗುವಾಗ ತುಂಬು ತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ನಿರೋಧಕ ಎಣ್ಣೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ನಂತರದ ದಿನಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಕಾಯ್ದಿಟ್ಟ ಅರಣ್ಯ, ಅಭಯಾರಣ್ಯಗಳೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅನುಮತಿ ಇಲ್ಲದೆಯೂ ನೋಡಲು ರಸ್ತೆಯಂಚು, ಕಾಫಿ ತೋಟ, ಅಡಿಕೆ ತೋಟದ ಅಂಚು, ಸಾರ್ವಜನಿಕ ಉದ್ಯಾನ ಬೇಕಾದಷ್ಟಿವೆ.

1. ಮೊದಲು ಇದು ನೊಣಹಿಡುಕವೇ ಎಂದು ಖಾತ್ರಿ ಮಾಡಿಕೊಳ್ಳಿ

ನೀಲಿ ಬೆನ್ನು, ಕಿತ್ತಳೆ ಹೊಟ್ಟೆ ಎಂದೊಡನೆ ಮಿಂಚುಳ್ಳಿಯೂ ನೆನಪಾಗಬೇಕು. ಕೆರೆ, ಹಳ್ಳದ ಬದಿಯ ಸಣ್ಣ ಮಿಂಚುಳ್ಳಿಗೂ ಇವೇ ಬಣ್ಣ. ಆದರೆ ಅದರ ಕೊಕ್ಕು ಕಠಾರಿಯಂತೆ ಉದ್ದ, ಬಾಲ ಮೋಟು. ನೊಣಹಿಡುಕದ ಕೊಕ್ಕು ಚಿಕ್ಕದು, ಬುಡದಲ್ಲಿ ಅಗಲ, ಕೊಕ್ಕಿನ ಬುಡದ ಸುತ್ತ ಮೀಸೆಯಂಥ ಕೂದಲು. ಹಕ್ಕಿಯ ಉದ್ದ 14-15 ಸೆಂ.ಮೀ., ಅಂದರೆ ಗುಬ್ಬಚ್ಚಿಗಿಂತ ತುಸು ಸಪೂರ.

ಕೂರುವ ಭಂಗಿ ಇನ್ನೂ ದೊಡ್ಡ ಸುಳಿವು. ಎತ್ತರವಲ್ಲದ ಕೊಂಬೆಯ ಮೇಲೆ, ನೆರಳಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂರುತ್ತದೆ. ಬಾಲವನ್ನು ಆಗಾಗ ಚಿಮ್ಮಿಸುತ್ತದೆ. ಸುಮ್ಮನೆ ಕೂತಿದ್ದು ಒಮ್ಮೆಲೇ ಹಾರಿ, ಗಾಳಿಯಲ್ಲಿ ಅಥವಾ ಎಲೆಯ ಮೇಲಿಂದ ಹುಳು ಹಿಡಿದು, ಅದೇ ಕೊಂಬೆಗೋ ಪಕ್ಕದ್ದಕ್ಕೋ ಮರಳುತ್ತದೆ. ಒಂದು ನಿಮಿಷ ಸದ್ದಿಲ್ಲ. ಮತ್ತೆ ಒಂದು ಹಾರಾಟ. ಸಿಂಪಿಗದಂತೆ ಎಲೆಯಿಂದ ಎಲೆಗೆ ಜಿಗಿಯುತ್ತಾ ಒಂದೇ ಸಮನೆ ಚಡಪಡಿಸುತ್ತಿದ್ದರೆ ಅದು ನೊಣಹಿಡುಕವಲ್ಲ.

ತಪ್ಪು ಆಗುವ ಜಾಗ: ಚಳಿಗಾಲದಲ್ಲಿ ನೆಲದ ಮೇಲೆ ತರಗೆಲೆಯಲ್ಲಿ ಕುಪ್ಪಳಿಸುತ್ತಾ ಓಡಾಡುವ ನೀಲಿ-ಕಿತ್ತಳೆ ಹಕ್ಕಿ ಕಂಡರೆ ಅದರ ಕಣ್ಣಿನ ಮೇಲೆ ಬಿಳಿ ಹುಬ್ಬು ಇದೆಯೇ ನೋಡಿ. ಇದ್ದರೆ ಅದು ಭಾರತದ ನೀಲಿ ರಾಬಿನ್. ಟಿಕೆಲ್‌ನ ಹಕ್ಕಿಯೂ ಹುಳುವಿಗಾಗಿ ಆಗಾಗ ನೆಲಕ್ಕಿಳಿಯುತ್ತದೆ, ಆದರೆ ತಕ್ಷಣ ಕೊಂಬೆಗೆ ಮರಳುತ್ತದೆ.

2. ನೀಲಿಯನ್ನು ಬದಿಗಿಡಿ

ಇದು ಈ ಲೇಖನದ ತಿರುಳು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಕ್ಕಿಯ ಗರಿಯಲ್ಲಿ ನೀಲಿ ಬಣ್ಣದ ದ್ರವ್ಯವೇ ಇಲ್ಲ. ಗರಿಯ ಎಳೆಗಳೊಳಗೆ ಬರಿಗಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ, ಸ್ಪಂಜಿನಂಥ ರಚನೆ ಇರುತ್ತದೆ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೀಲಿ ಭಾಗ ಮಾತ್ರ ಚೆದುರಿ ನಮ್ಮ ಕಣ್ಣಿಗೆ ಬರುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ಆ ರಚನೆ ಮುರಿದು ಮಾಸಲು ಕಂದು ಪುಡಿ ಮಾತ್ರ ಉಳಿಯುತ್ತದೆ. ಕಿತ್ತಳೆ ಹಾಗಲ್ಲ. ಅದು ಗರಿಯೊಳಗಿನ ವರ್ಣದ್ರವ್ಯದ ಬಣ್ಣ.

ಇದರಿಂದ ನಿಮಗಾಗುವ ಪರಿಣಾಮವೇನು? ಬೆಳಕು ಬದಲಾದರೆ ನೀಲಿ ಬದಲಾಗುತ್ತದೆ. ಬೆಳಗ್ಗೆ ಎಂಟಕ್ಕೆ ಬಿದಿರಿನ ಸಂದಿಯಿಂದ ಬಿಸಿಲು ಬಿದ್ದಾಗ ಹೊಳೆಯುವ ನೀಲಿಯಾಗಿ ಕಂಡ ಹಕ್ಕಿ, ಎರಡು ಮಾರು ಒಳಗೆ ನೆರಳಿಗೆ ಹೋದರೆ ಶಾಯಿಯ ಬಣ್ಣ. ಆಕಾಶದ ಕಡೆಗೆ ಕತ್ತೆತ್ತಿ ನೋಡಿದರೆ ಬರೀ ಕಪ್ಪು. ಮೋಡದ ದಿನ ಬೂದಿ. "ಕಡುನೀಲಿ ಇತ್ತು, ಹಾಗಾಗಿ ಬಿಳಿಹೊಟ್ಟೆಯದು" ಎಂದು ಬರೆಯುವವರು ಬಹುತೇಕ ನೆರಳಲ್ಲಿ ಕೂತ ಟಿಕೆಲ್‌ನ ಹಕ್ಕಿಯನ್ನೇ ನೋಡಿರುತ್ತಾರೆ. ಫೋಟೋದಲ್ಲಿ ಬಣ್ಣ ಹೆಚ್ಚಿಸಿ ಕಳಿಸಿದರಂತೂ ಇದ್ದ ಸುಳಿವೂ ಹೋಗುತ್ತದೆ. ಹೆಸರು ಕೇಳುವಾಗ ಕ್ಯಾಮೆರಾದಿಂದ ಬಂದ ಚಿತ್ರವನ್ನು ಹಾಗೆಯೇ ಕಳಿಸಿ.

3. ಗಂಡು ಹಕ್ಕಿಯಾದರೆ: ಗಂಟಲಿನಿಂದ ಹೊಟ್ಟೆಗೆ ಇಳಿಯಿರಿ

ಹಕ್ಕಿ ನಿಮ್ಮ ಕಡೆಗೆ ಮುಖ ಮಾಡುವವರೆಗೆ ಕಾಯಿರಿ. ಕೊಕ್ಕಿನ ಕೆಳಗಿನಿಂದ ಶುರು ಮಾಡಿ ಕೆಳಕ್ಕೆ ನೋಡುತ್ತಾ ಬನ್ನಿ. ಮೂರೇ ಜಾಗ: ಗಂಟಲು, ಎದೆ, ಹೊಟ್ಟೆ.

ಗಂಟಲು ಕಿತ್ತಳೆ, ಎದೆ ಕಿತ್ತಳೆ, ಹೊಟ್ಟೆ ಬಿಳಿ: ಟಿಕೆಲ್‌ನ ನೀಲಿ ನೊಣಹಿಡುಕ. ಕಿತ್ತಳೆ ನಿಂತು ಬಿಳಿ ಶುರುವಾಗುವ ಗೆರೆ ಸಾಕಷ್ಟು ಸ್ಪಷ್ಟ. ಹಣೆಯೂ ಭುಜವೂ ಬೆನ್ನಿಗಿಂತ ಹೊಳಪಾದ ನೀಲಿ.

ಗಂಟಲು ನೀಲಿ, ಎದೆ ಕಿತ್ತಳೆ, ಹೊಟ್ಟೆ ಬಿಳಿ: ನೀಲಿಗಂಟಲಿನ ನೊಣಹಿಡುಕ. ಕೆಲವು ಗಂಡುಗಳಲ್ಲಿ ಎದೆಯ ಕಿತ್ತಳೆ ಗಂಟಲಿನ ನಡುವಿಗೆ ಚೂಪಾದ ತ್ರಿಕೋನದಂತೆ ಏರಿರುತ್ತದೆ. ಎದುರಿನಿಂದ ಅರೆಕ್ಷಣ ನೋಡಿದವರು ಇದನ್ನು ಟಿಕೆಲ್ ಎಂದುಕೊಳ್ಳುತ್ತಾರೆ. ತ್ರಿಕೋನದ ಎರಡೂ ಪಕ್ಕ ನೀಲಿ ಇದೆಯೇ ಎಂದು ನೋಡಿ.

ಗಂಟಲು ನೀಲಿ, ಎದೆಯೂ ನೀಲಿ, ಹೊಟ್ಟೆ ಬಿಳಿ, ಕಿತ್ತಳೆ ಎಲ್ಲೂ ಇಲ್ಲ: ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಇದರ ಕೊಕ್ಕೂ ಉಳಿದೆರಡಕ್ಕಿಂತ ಉದ್ದ, ದಪ್ಪ. ಕೊಕ್ಕಿಗೂ ಕಣ್ಣಿಗೂ ನಡುವಿನ ಜಾಗಕ್ಕೆ ಹಕ್ಕಿ ನೋಡುವವರು ಲೋರ್ ಎನ್ನುತ್ತಾರೆ. ಇದರಲ್ಲಿ ಅದು ಕಪ್ಪು, ಅದರ ಮೇಲೆ ಹಣೆಯಿಂದ ಹುಬ್ಬಿನಂತೆ ಹೊಳೆಯುವ ನೀಲಿ ಪಟ್ಟಿ.

ಈ ಮೂರಕ್ಕೂ ಹೊಂದದಿದ್ದರೆ ಹಕ್ಕಿ ಬೇರೆ ಕುಲದ್ದು. ನೆತ್ತಿಯ ಹಿಂದೆ ಕಪ್ಪು ಮಚ್ಚೆ, ಎದೆಗೆ ದಾರದಂಥ ಕಪ್ಪು ಹಾರ, ಬಾಲ ಉದ್ದ: ಕಪ್ಪುನೆತ್ತಿಯ ಮೊನಾರ್ಕ್. ಇದು ನೊಣಹಿಡುಕಗಳ ಕುಟುಂಬಕ್ಕೇ ಸೇರಿದ್ದಲ್ಲ, ಆದರೂ ಒಂದೇ ಪೊದೆಯಲ್ಲಿ ಜೊತೆಗೆ ಸಿಗುತ್ತದೆ. ಇಡೀ ಮೈ ಒಂದೇ ಹಸಿರುಮಿಶ್ರಿತ ತಿಳಿನೀಲಿ, ಲೋರ್ ಕಪ್ಪು, ತಂತಿಯ ಮೇಲೋ ಮರದ ತುದಿಯಲ್ಲೋ ಬಿಸಿಲಿಗೆ ಕೂತಿದೆ: ವರ್ಡಿಟರ್ ನೊಣಹಿಡುಕ, ಚಳಿಗಾಲದ ಅತಿಥಿ. ಇಡೀ ಮೈ ಕಡುನೀಲಿ, ಬಾಲದ ಬುಡದ ಎರಡೂ ಪಕ್ಕ ಬಿಳಿ: ನೀಲಗಿರಿ ನೊಣಹಿಡುಕ. ಬಾಬಾಬುಡನ್‌ಗಿರಿ, ಬಿಳಿಗಿರಿರಂಗನ ಬೆಟ್ಟ, ಕೊಡಗಿನ ಎತ್ತರದ ಶೋಲೆಗಳಲ್ಲಿ, ಅಂದರೆ ಬೆಟ್ಟದ ಮಡಿಲಿನ ಹಸಿರುಕಾಡುಗಳಲ್ಲಿ, ಇದು ಸಿಗುತ್ತದೆ. ಬಯಲುಸೀಮೆಯ ಹಿತ್ತಲಲ್ಲಿ ಕಂಡೆ ಎಂದರೆ ಇನ್ನೊಮ್ಮೆ ನೋಡಿ.

4. ಹೆಣ್ಣು ಹಕ್ಕಿಯಾದರೆ: ತಾಳ್ಮೆ ಬೇಕು

ಬಹಳ ಜನ ಹೆಣ್ಣು ಹಕ್ಕಿ ಕಂಡರೆ "ಯಾವುದೋ ಕಂದು ಹಕ್ಕಿ" ಎಂದು ಮುಂದೆ ಹೋಗುತ್ತಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಗಂಡಿನ ಬಣ್ಣ ಗುರುತಿಸಲು ಒಂದು ದಿನ ಸಾಕು. ನಿಮ್ಮ ಕಣ್ಣು ಪಳಗುವುದು ಹೆಣ್ಣುಗಳನ್ನು ನೋಡಿ.

ಮೊದಲ ಪ್ರಶ್ನೆ: ಮೈಮೇಲೆ ಎಲ್ಲಾದರೂ ನೀಲಿ ಇದೆಯೇ? ರೆಕ್ಕೆ, ಬಾಲ, ಭುಜದಲ್ಲಿ ಮಸುಕಾದ ನೀಲಿ, ಬೆನ್ನು ಬೂದುನೀಲಿ, ಗಂಟಲು-ಎದೆ ತೆಳು ಕಿತ್ತಳೆ ಇದ್ದರೆ ಅದು ಟಿಕೆಲ್‌ನ ಹೆಣ್ಣು. ಒಟ್ಟಿನಲ್ಲಿ ಗಂಡನ್ನೇ ಒಂದೆರಡು ಸಲ ಒಗೆದು ಬಣ್ಣ ಬಿಟ್ಟಂತೆ ಕಾಣುತ್ತದೆ.

ನೀಲಿ ಎಲ್ಲೂ ಇಲ್ಲ, ಬೆನ್ನು ಕಂದು, ಎದೆ ಕಿತ್ತಳೆ ಎಂದಾದರೆ ಉಳಿದವು ಎರಡು. ಬಿಳಿಹೊಟ್ಟೆಯ ಹೆಣ್ಣಿಗೆ ತಲೆ ಬೂದುಗಂದು, ಬಾಲ ಇಟ್ಟಿಗೆಗೆಂಪು ಛಾಯೆಯ ಕಂದು, ಲೋರ್ ಬಿಳಿಚು, ಗಂಟಲು ಮತ್ತು ಎದೆಗೆ ಗಾಢ ಕಿತ್ತಳೆ, ಅದರ ಕೆಳಗೆ ಶುಭ್ರ ಬಿಳಿ. ನೀಲಿಗಂಟಲಿನ ಹೆಣ್ಣಿನಲ್ಲಿ ಕಿತ್ತಳೆ ಅಷ್ಟು ಗಾಢವಿಲ್ಲ, ಗಂಟಲು ಎದೆಗಿಂತ ತೆಳು, ಕೆನೆಬಣ್ಣದ ಕಡೆಗೆ ಹೋಗುತ್ತದೆ, ಕಣ್ಣಿನ ಸುತ್ತ ತಿಳಿಬಣ್ಣದ ಉಂಗುರ ಎದ್ದು ಕಾಣುತ್ತದೆ. ಕೊಕ್ಕು ನೋಡಿ: ಎದ್ದು ಕಾಣುವಷ್ಟು ದಪ್ಪವಿದ್ದರೆ ಬಿಳಿಹೊಟ್ಟೆಯ ಕಡೆಗೆ ವಾಲಿ.

ತಪ್ಪು ಆಗುವ ಜಾಗ: "ಬಿಳಿಹೊಟ್ಟೆಯ ನೀಲಿ" ಎಂಬ ಹೆಸರು ತಲೆಯಲ್ಲಿಟ್ಟುಕೊಂಡು ಕಾಡಿಗೆ ಹೋದವರಿಗೆ ಕಿತ್ತಳೆ ಎದೆಯ, ಕಂದು ಬೆನ್ನಿನ ಹಕ್ಕಿ ಅದೇ ಎಂದು ಹೊಳೆಯುವುದೇ ಇಲ್ಲ. ಗಂಡು ಹೆಣ್ಣು ಪಕ್ಕಪಕ್ಕ ಕೂತಿದ್ದರೂ ಎರಡು ಬೇರೆ ಜಾತಿ ಎಂದು ಬರೆದುಕೊಂಡು ಬರುತ್ತಾರೆ.

ಮರಿಗಳ ಬಗ್ಗೆ ಎರಡೇ ಮಾತು. ಗೂಡು ಬಿಟ್ಟ ಎಳೆಯ ಹಕ್ಕಿಯ ತಲೆ, ಬೆನ್ನು, ಎದೆ ತುಂಬ ಚುಕ್ಕೆಗಳಿರುತ್ತವೆ. ಪಕ್ಕದಲ್ಲಿ ಅಪ್ಪ ಅಮ್ಮ ಉಣಿಸಲು ಬರುವುದನ್ನು ದೂರದಿಂದ ನೋಡಿ ಹೆಸರು ತಿಳಿದುಕೊಳ್ಳಿ, ಬೇರೆ ದಾರಿ ಹುಡುಕಬೇಡಿ.

5. ತಿಂಗಳು ಯಾವುದು, ಜಾಗ ಯಾವುದು ಎಂದು ಕೇಳಿಕೊಳ್ಳಿ

ನೀಲಿಗಂಟಲಿನ ನೊಣಹಿಡುಕ, ವರ್ಡಿಟರ್ ನೊಣಹಿಡುಕ, ನೀಲಿ ರಾಬಿನ್, ಇವೆಲ್ಲ ಸರಿಸುಮಾರು ಅಕ್ಟೋಬರಿನಿಂದ ಮಾರ್ಚ್‌ವರೆಗೆ ನಮ್ಮಲ್ಲಿರುತ್ತವೆ. ಕೆಲವು ತುಸು ಬೇಗ ಬರುತ್ತವೆ, ಕೆಲವು ಏಪ್ರಿಲ್‌ನಲ್ಲೂ ಉಳಿದಿರುತ್ತವೆ. ಆದರೆ ಜೂನ್, ಜುಲೈ ತಿಂಗಳಲ್ಲಿ ಅವು ಹಿಮಾಲಯದಲ್ಲಿ ಗೂಡು ಕಟ್ಟಿಕೊಂಡಿರುತ್ತವೆ. ಜೂನ್‌ನಲ್ಲಿ ನೀಲಿಗಂಟಲಿನದು ಕಂಡೆ ಎಂದು ನಿಮಗನಿಸಿದರೆ ನೆರಳು ನಿಮ್ಮನ್ನು ಮೋಸ ಮಾಡಿದೆ.

ಜಾಗವೂ ಹಾಗೆಯೇ ಮಾತಾಡುತ್ತದೆ. ಬೆಂಗಳೂರಿನ ಸುತ್ತಮುತ್ತ, ಬನ್ನೇರುಘಟ್ಟದಂಥ ಒಣಕಾಡುಗಳಲ್ಲಿ ವರ್ಷವಿಡೀ ಸಿಗುವುದು ಟಿಕೆಲ್‌ನ ಹಕ್ಕಿ. ನಂದಿಬೆಟ್ಟದ ಮೇಲಿನ ಮರಗಳ ಗುಂಪಿನಲ್ಲಿ ಚಳಿಗಾಲದ ಬೆಳಗ್ಗೆ ಟಿಕೆಲ್‌ನದೂ ನೀಲಿಗಂಟಲಿನದೂ ಎರಡೂ ಸಿಗುವುದರಿಂದ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಒಂದನ್ನು ನೋಡಿ ಹತ್ತು ನಿಮಿಷಕ್ಕೆ ಇನ್ನೊಂದನ್ನು ನೋಡಿದರೆ ಗಂಟಲಿನ ವ್ಯತ್ಯಾಸ ಮತ್ತೆಂದೂ ಮರೆಯುವುದಿಲ್ಲ. ಬಿಳಿಹೊಟ್ಟೆಯದಕ್ಕೆ ಘಟ್ಟಕ್ಕೇ ಹೋಗಬೇಕು: ದಾಂಡೇಲಿ ಹತ್ತಿರದ ಗಣೇಶಗುಡಿ, ಆಗುಂಬೆ, ಕೊಡಗಿನ ಹಸಿರುಕಾಡುಗಳು. ಗಣೇಶಗುಡಿಯಲ್ಲಿ ಹಕ್ಕಿಗಳಿಗೆಂದು ಇಟ್ಟ ನೀರಿನ ತೊಟ್ಟಿಗಳ ಎದುರು ಬೇಸಿಗೆಯ ಮಧ್ಯಾಹ್ನ ಸುಮ್ಮನೆ ಕೂತರೆ, ಒಂದಾದ ಮೇಲೊಂದು ನೊಣಹಿಡುಕ ಮೀಯಲು ಬರುತ್ತದೆ. ಕಾಡಿನೊಳಗೆ ಅರೆಕ್ಷಣ ಮಿಂಚಿ ಮರೆಯಾಗುವ ಹಕ್ಕಿ ಅಲ್ಲಿ ರೆಕ್ಕೆ ಬಿಚ್ಚಿ, ತಲೆ ಅದ್ದಿ, ಎದೆ ಗರಿ ಕೆದರಿಕೊಂಡು ಕೂತಿರುತ್ತದೆ. ಗಂಟಲು, ಎದೆ, ಹೊಟ್ಟೆ ಮೂರನ್ನೂ ಬಿಡುವಾಗಿ ನೋಡಬಹುದು. ಒಂದು ಎಚ್ಚರಿಕೆ: ಒದ್ದೆಯಾದ ಗರಿಯ ನೀಲಿ ಇನ್ನೂ ಕಪ್ಪಾಗಿ ಕಾಣುತ್ತದೆ.

6. ಹೊತ್ತು ನೋಡಿ ಹೋಗಿ, ಕಿವಿ ತೆರೆದಿಡಿ

ಬೆಳಗಿನ ಎರಡು ಗಂಟೆ, ಸಂಜೆಯ ಒಂದು ಗಂಟೆ. ಟಿಕೆಲ್‌ನ ಹಕ್ಕಿಗೆ ಸಂಜೆಯ ಕೊನೆಯ ಬೆಳಕು ಬಲು ಇಷ್ಟ. ಪಿಕಳಾರ, ಹರಟೆಮಲ್ಲಗಳು ಗಲಾಟೆ ಮುಗಿಸಿ ಮಲಗಲು ಹೋದ ಮೇಲೂ ಇದು ಮುಸ್ಸಂಜೆಯಲ್ಲಿ ಹುಳು ಹಿಡಿಯುತ್ತಿರುತ್ತದೆ.

ಹಾಡು ಕೇಳಿದರೆ ಹಕ್ಕಿ ಸಿಕ್ಕಂತೆ. ಟಿಕೆಲ್‌ನ ಹಾಡು ಚಿಕ್ಕದು, ಚುರುಕು. ಸಣ್ಣ ಲೋಹದ ಗಂಟೆಗಳನ್ನು ಒಂದರ ಹಿಂದೊಂದು ತಟ್ಟಿದಂತೆ ಆರೇಳು ಸ್ವರ, ಕೆಲವೊಮ್ಮೆ ಹತ್ತರವರೆಗೆ. ಸ್ವಲ್ಪ ಬಿಟ್ಟು ಮತ್ತೆ ಅದೇ. ಬೇಸಿಗೆ ಶುರುವಾಗುತ್ತಿದ್ದಂತೆ ಹಾಡು ಹೆಚ್ಚುತ್ತದೆ. ಗಾಬರಿಯಾದಾಗ ಒಣಕಡ್ಡಿ ಮುರಿದಂತೆ "ಟಿಕ್, ಟಿಕ್" ಎನ್ನುತ್ತದೆ. ಈ ಸದ್ದು ಕೇಳಿದರೆ ನೀವು ಹೆಚ್ಚು ಹತ್ತಿರ ಹೋಗಿದ್ದೀರಿ ಎಂದರ್ಥ, ನಾಲ್ಕು ಹೆಜ್ಜೆ ಹಿಂದೆ ಬನ್ನಿ. ಬಿಳಿಹೊಟ್ಟೆಯದರ ಹಾಡು ನಿಧಾನ, ತನಗೆ ತಾನೇ ಹೇಳಿಕೊಂಡಂತೆ, ಮೆಲುಸಿಳ್ಳೆಯ ನಡುವೆ ಕಿರುಗುಟ್ಟುವ ಸ್ವರಗಳು.

ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮೊಬೈಲ್ ಆ್ಯಪ್‌ಗಳು ಈಗ ಎಲ್ಲರ ಕೈಯಲ್ಲಿವೆ. ಬಳಸಿ, ಆದರೆ ಆ್ಯಪ್ ಹೇಳಿದ್ದನ್ನು ಸುಳಿವೆಂದು ತೆಗೆದುಕೊಳ್ಳಿ, ತೀರ್ಪೆಂದಲ್ಲ. ಹೆಸರು ಬಂದ ಮೇಲೆ ದುರ್ಬೀನು ಹಿಡಿದು ಹಕ್ಕಿಯನ್ನು ಕಣ್ಣಾರೆ ಹುಡುಕಿ.

ಇನ್ನು ಪ್ಲೇಬ್ಯಾಕ್. ಅಂದರೆ ಹಕ್ಕಿಯ ಹಾಡನ್ನು ಮೊಬೈಲಿನಲ್ಲಿ ನುಡಿಸಿ ಅದನ್ನು ಹತ್ತಿರ ಕರೆಯುವುದು. ದಯವಿಟ್ಟು ಮಾಡಬೇಡಿ. ಹಾಡು ಕೇಳಿದ ಗಂಡು, ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಎಂದುಕೊಂಡು ಜಗಳಕ್ಕೆ ಬರುತ್ತದೆ. ಎದೆಯುಬ್ಬಿಸಿ ನಿಮ್ಮ ಕ್ಯಾಮೆರಾ ಮುಂದೆ ಕೂತ ಆ ಹಕ್ಕಿ ಹುಳು ಹಿಡಿಯುವುದನ್ನು, ಹೆಣ್ಣಿಗೆ ಕಾವಲಿರುವುದನ್ನು, ಮರಿಗೆ ಉಣಿಸುವುದನ್ನು ಬಿಟ್ಟು ಬಂದಿರುತ್ತದೆ. ಒಂದೇ ಜಾಗಕ್ಕೆ ದಿನಕ್ಕೆ ಹತ್ತು ಜನ ಬಂದು ಇದನ್ನೇ ಮಾಡಿದರೆ ಅದು ಆ ಜಾಗವನ್ನೇ ಬಿಡಬಹುದು.

7. ಗೂಡು ಕಂಡರೆ

ಟಿಕೆಲ್‌ನ ಹಕ್ಕಿ ಗೂಡಿಗೆ ಆರಿಸಿಕೊಳ್ಳುವ ಜಾಗಗಳನ್ನು ತಿಳಿದಿರಿ, ಹುಡುಕಲಿಕ್ಕಲ್ಲ, ತಪ್ಪಿ ತುಳಿಯದಿರಲಿಕ್ಕೆ. ರಸ್ತೆ ಬದಿಯ ದರೆಯ ಪೊಟರೆ, ಬಂಡೆಸಂದು, ಮರದ ತೂತು, ಬಿದಿರುಮೆಳೆಯ ಬುಡ. ಪಾಚಿ, ಎಲೆ, ಸಣ್ಣ ಬೇರುಗಳ ಬಟ್ಟಲು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಮೊಟ್ಟೆ, ಮರಿಗಳ ಕಾಲ. ಒಂದು ಗೂಡಿಗೆ ಮೂರರಿಂದ ಐದು ಮೊಟ್ಟೆ.

ಬಾಯಲ್ಲಿ ಹುಳು ಹಿಡಿದ ಹಕ್ಕಿ ತಿನ್ನದೆ ಚಡಪಡಿಸುತ್ತಾ ನಿಮ್ಮನ್ನೇ ನೋಡುತ್ತಿದ್ದರೆ ಗೂಡು ಹತ್ತಿರದಲ್ಲಿದೆ. ನೀವು ನಿಂತಷ್ಟು ಹೊತ್ತೂ ಮರಿಗಳು ಉಪವಾಸ. ತಕ್ಷಣ ಹಿಂದೆ ಸರಿಯಿರಿ. ಗೂಡಿಗೆ ಅಡ್ಡವಾದ ಎಲೆ, ಬಳ್ಳಿ ಸರಿಸಿ ಫೋಟೋ ತೆಗೆಯಬೇಡಿ. ಆ ಎಲೆಯೇ ಕೆಂಬೂತ, ಹಾವು, ಬೆಕ್ಕುಗಳಿಂದ ಅದಕ್ಕಿದ್ದ ಮರೆ. ಫ್ಲ್ಯಾಶ್ ಬೇಡ. ಗೂಡಿನ ಜಾಗವನ್ನು ಯಾರಿಗೂ ತಿಳಿಸಬೇಡಿ. ಕಾಡುಹಕ್ಕಿಯ ಗೂಡು, ಮೊಟ್ಟೆಗಳಿಗೆ ಕೈಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವೂ ಹೌದು.

8. ಹಿತ್ತಲಿಗೆ ಬರುವಂತೆ ಮಾಡುವುದು

ಇದನ್ನೂ ಬಹಳ ಜನ ಕೇಳುತ್ತಾರೆ. ಅಕ್ಕಿ, ಸಿರಿಧಾನ್ಯ ಹಾಕಿದರೆ ನೊಣಹಿಡುಕ ಬರುವುದಿಲ್ಲ, ಅದಕ್ಕೆ ಬೇಕಾದದ್ದು ಹುಳು. ಹುಳು ಬೇಕೆಂದರೆ ಹಿತ್ತಲ ಒಂದು ಮೂಲೆಯಲ್ಲಾದರೂ ತರಗೆಲೆ ಗುಡಿಸದೆ ಬಿಡಿ. ಒಂದೆರಡು ಪೊದೆ ಕತ್ತರಿಸದೆ ಬೆಳೆಯಲಿ. ಕೀಟನಾಶಕ ಹೊಡೆಯಬೇಡಿ.

ನೀರು ಇಟ್ಟರೆ ಬೇಸಿಗೆಯಲ್ಲಿ ಖಂಡಿತ ಪ್ರಯೋಜನವಿದೆ. ಅಗಲವಾದ ಮಣ್ಣಿನ ತಟ್ಟೆ, ನೀರಿನ ಆಳ ಎರಡು ಬೆರಳಿನಷ್ಟು, ನಡುವೆ ಒಂದು ಒರಟು ಕಲ್ಲು. ತಟ್ಟೆ ನೆರಳಲ್ಲಿರಲಿ, ಹಾರಿ ಕೂರಲು ಪಕ್ಕದಲ್ಲಿ ಕೊಂಬೆ ಇರಲಿ, ಆದರೆ ಬೆಕ್ಕು ಹೊಂಚು ಹಾಕುವಷ್ಟು ದಟ್ಟ ಪೊದೆ ಅಂಟಿಕೊಂಡಿರಬಾರದು. ದಿನ ಬಿಟ್ಟು ದಿನ ನೀರು ಚೆಲ್ಲಿ ತಟ್ಟೆ ಉಜ್ಜಿ. ಇಲ್ಲದಿದ್ದರೆ ಸೊಳ್ಳೆಮರಿ ಆಗುತ್ತವೆ, ಪಾಚಿ ಕಟ್ಟಿದ ನೀರಿನಿಂದ ಹಕ್ಕಿಗಳಿಗೆ ರೋಗವೂ ಹರಡುತ್ತದೆ. ಮೊದಲ ವಾರ ಯಾರೂ ಬರದಿದ್ದರೆ ತಟ್ಟೆಯ ಜಾಗ ಬದಲಿಸುತ್ತಾ ಹೋಗಬೇಡಿ. ಪಿಕಳಾರ, ಮಡಿವಾಳ ಹಕ್ಕಿ ಮೊದಲು ಬರುತ್ತವೆ. ಅವು ನಿರಾತಂಕವಾಗಿ ಮೀಯುವುದನ್ನು ನೋಡಿ ನೊಣಹಿಡುಕ ಕೊನೆಗೆ ಬರುತ್ತದೆ, ಅದೂ ಸಂಜೆ ಹೊತ್ತಿಗೆ.

9. ಬರೆದಿಡಿ

ಹಕ್ಕಿ ಹಾರಿಹೋದ ಕೂಡಲೇ ಬರೆಯಿರಿ. ಪುಸ್ತಕ ತೆಗೆದು ಚಿತ್ರ ನೋಡುವುದು ಆಮೇಲೆ. ಚಿತ್ರ ನೋಡಿದ ಮೇಲೆ ಬರೆದರೆ, ಕಂಡದ್ದಲ್ಲ, ಚಿತ್ರದಲ್ಲಿರುವುದೇ ಕೈಗೆ ಬರುತ್ತದೆ. ದಿನಾಂಕ, ಹೊತ್ತು, ಊರು, ಜಾಗ ಎಂಥದ್ದು, ನೆಲದಿಂದ ಎಷ್ಟೆತ್ತರ, ಗಂಟಲು-ಎದೆ-ಹೊಟ್ಟೆಯ ಬಣ್ಣ, ಬೆಳಕು ಹೇಗಿತ್ತು. ಒಂದು ನಮೂನೆ ಹೀಗಿರಬಹುದು: "ಜನವರಿ 14, ಬೆಳಗ್ಗೆ 7.40, ಬೆಟ್ಟದ ಮೇಲಿನ ಮರಗಳ ಕೆಳಗೆ, ನೆರಳು. ಆಳೆತ್ತರದ ಕೊಂಬೆ. ಗಂಟಲು ನೀಲಿ, ನಡುವೆ ಕಿತ್ತಳೆ ಚೂಪು, ಎದೆ ಕಿತ್ತಳೆ, ಹೊಟ್ಟೆ ಬಿಳಿ. ಬಾಲ ಚಿಮ್ಮಿಸಿತು. ಹಾಡಲಿಲ್ಲ." ಇಷ್ಟಿದ್ದರೆ ಫೋಟೋ ಇಲ್ಲದೆಯೂ ಯಾರಾದರೂ ನಿಮಗೆ ಹೆಸರು ಹೇಳಬಲ್ಲರು.

ಈ ಟಿಪ್ಪಣಿಯನ್ನು ಇ-ಬರ್ಡ್‌ಗೆ ಸೇರಿಸಿದರೆ ಇನ್ನೂ ಒಳ್ಳೆಯದು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ ನಡೆಸುವ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ದಾಖಲೆ ವ್ಯವಸ್ಥೆ ಅದು. ಚಳಿಗಾಲದ ಹಕ್ಕಿಗಳು ಯಾವ ವಾರ ಬಂದವು, ಯಾವ ವಾರ ಹೋದವು ಎಂಬುದು ಇಂಥ ಸಾವಿರಾರು ಜನರ ಪಟ್ಟಿಗಳಿಂದಲೇ ತಿಳಿಯುವುದು. ಹಾಕುವಾಗ ಖಾತ್ರಿ ಇರುವುದನ್ನಷ್ಟೇ ಹಾಕಿ. ಕತ್ತಲಲ್ಲಿ ನೀಲಿ ಬೆನ್ನು ಮಾತ್ರ ಕಂಡಿದ್ದರೆ "ಸಯಾರ್ನಿಸ್ ಕುಲದ ಯಾವುದೋ ಒಂದು" ಎಂದು ದಾಖಲಿಸಲೂ ಅಲ್ಲಿ ಅವಕಾಶವಿದೆ. ಅದನ್ನು ಬಳಸಿ, ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ. ಈ ಹಕ್ಕಿಗಳು ತಮ್ಮ ಜಾಗವನ್ನು ಸುಲಭವಾಗಿ ಬಿಡುವುದಿಲ್ಲ, ಅದೇ ಕೊಂಬೆಯಲ್ಲೇ ಸಿಕ್ಕರೂ ಸಿಕ್ಕೀತು.